ಮುತ್ತಮ್ಮನ ಹತ್ತು ನಿಮಿಷದ ಕತ್ತಲು

ಹೊಸಕೋಟೆಯ ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಕನ್ನಡಕದ ಅಂಗಡಿ ಇಟ್ಟಿರುವ ಮುಜಾಮಿಲ್‌ಗೆ ಆಕಾಶವೆಂದರೆ ಪ್ರಾಣ. ಆಕಾಶಕ್ಕೆ ಮಾತ್ರ ಮುಜಾಮಿಲ್ ಅಂದರೆ ಅಷ್ಟಕ್ಕಷ್ಟೆ. ಊರವರ ದೃಷ್ಟಿಯನ್ನೆಲ್ಲ ಸರಿಮಾಡುವ ಮನುಷ್ಯನಿಗೆ ಯಾರ ದೃಷ್ಟಿ ತಾಕಿತ್ತೋ, ಅವನು ದೂರದರ್ಶಕ ಹೊರಗಿಟ್ಟ ದಿನವೇ ಮೋಡ ಕಟ್ಟುತ್ತಿತ್ತು. ಮಳೆ ಕೈಕೊಟ್ಟ ಒಂದು ಜೂನ್ ತಿಂಗಳಲ್ಲಿ ಪಕ್ಕದ ಗೊಬ್ಬರದಂಗಡಿಯ ಸಂಜೀವಪ್ಪ ಬಂದು, "ಭಾಯ್, ರಾಗಿ ಬಿತ್ಬೇಕು. ಒಂದೆರಡು ದಿನ ನಿಮ್ ಕೊಳವೆ ಆಚೆ ಇಡ್ರಲ್ಲಾ" ಎಂದು ಗಂಭೀರವಾಗಿಯೇ ಕೇಳಿಕೊಂಡಿದ್ದ.

ಆ ಕೊಳವೆ ಅಂಗಡಿಯಿಂದ ತಂದ ಮಾಲಲ್ಲ. ಅದರ ತಳದಲ್ಲಿ ಕೂತಿದ್ದ ಆರಿಂಚಿನ ಕನ್ನಡಿಯನ್ನು ಮುಜಾಮಿಲ್ ಕೈಯಾರೆ ಉಜ್ಜಿ ಮಾಡಿದ್ದ. ಒಂದು ಗಾಜಿನ ಬಿಲ್ಲೆಯ ಮೇಲೆ ಇನ್ನೊಂದು, ನಡುವೆ ಉಜ್ಜುಪುಡಿ, ನೀರು. ದಿನಾ ಅಂಗಡಿ ಶಟರ್ ಎಳೆದ ಮೇಲೆ ಎರಡು ಗಂಟೆ, ಹಿಂದಕ್ಕೆ ಮುಂದಕ್ಕೆ, ಅಷ್ಟಷ್ಟು ತಿರುಗಿಸುತ್ತಾ, ಹದಿನಾಲ್ಕು ತಿಂಗಳು. ಕೊನೆಗೆ ಅದರಲ್ಲಿ ಉಳಿಯಬಹುದಾದ ತಪ್ಪು ಎಷ್ಟು ಗೊತ್ತೇ? ತಲೆಗೂದಲಿನ ದಪ್ಪದಲ್ಲಿ ಸಾವಿರಕ್ಕೆ ಒಂದು ಪಾಲು. ಅಷ್ಟು ನಯವನ್ನು ಬರೀ ಅಂಗೈ ಕಲಿತುಕೊಂಡಿತಲ್ಲ, ಅದಕ್ಕೆ ತಲೆ ಬಾಗಲೇಬೇಕು. ಹೆಂಡತಿ ಇಲ್ಮಾ ತಲೆ ಬಾಗಿಸಿದ್ದು ಮಾತ್ರ ಪಾತ್ರೆ ತೊಳೆಯುವ ಕಡೆಗೆ. "ಈ ಕೈ ನಮ್ಮನೆ ತವಾ ಮೇಲೆ ಬಿದ್ದಿದ್ರೆ, ಇಷ್ಟೊತ್ತಿಗೆ ಅದ್ರಲ್ಲೇ ಶನಿ ಕಾಣಿಸ್ತಿದ್ದ ರೀ."

ಶನಿ, ಗುರು, ಚಂದ್ರರನ್ನು ಯಾರು ಬೇಕಾದರೂ ನೋಡುತ್ತಾರೆ. ಮುಜಾಮಿಲ್ ಕಾದಿದ್ದು ಬೇರೆಯದಕ್ಕೆ. ಮಂಗಳನಿಗೂ ಗುರುವಿಗೂ ನಡುವೆ ಲಕ್ಷಗಟ್ಟಲೆ ಕಲ್ಲುಬಂಡೆಗಳು ಸುತ್ತುತ್ತಿವೆ. ಅವುಗಳಲ್ಲೊಂದು ಎಂದೋ ಒಮ್ಮೆ ಯಾವುದೋ ನಕ್ಷತ್ರದ ಮುಂದೆ ಹಾದುಹೋಗುತ್ತದೆ. ಆಗ ಆ ನಕ್ಷತ್ರ ಮೂರ್ನಾಲ್ಕು ಸೆಕೆಂಡು ಮಾಯ. ಹೈವೇಯಲ್ಲಿ ಹೋಗುವ ಲಾರಿ ಆಚೆ ಬದಿಯ ಟೀ ಅಂಗಡಿಯ ದೀಪವನ್ನು ಮರೆಮಾಡಿದ ಹಾಗೆ. ದೀಪ ಎಷ್ಟು ಹೊತ್ತು ಮರೆಯಾಯಿತೆಂದು ಗೊತ್ತಾದರೆ ಲಾರಿ ಎಷ್ಟುದ್ದ ಎಂದು ಹೇಳಬಹುದು. ಯಾರೂ ಹೋಗಿ ಟೇಪು ಹಿಡಿಯಲಾಗದ ಕಲ್ಲನ್ನು ಹೊಸಕೋಟೆಯ ಕನ್ನಡಕದವನು ನಿಂತಲ್ಲೇ ಅಳೆಯಬಹುದು.

ಅಳೆಯಬಹುದಿತ್ತು, ಅನ್ನಬೇಕು. ಆರು ಸಲ ಹೋಗಿ ಆರು ಸಲವೂ ಬರಿಗೈಲಿ ಬಂದಿದ್ದ. ಏನೂ ಕಾಣದಿದ್ದರೂ ವರದಿ ಕಳಿಸುವುದು, ಕಾಣದ್ದಕ್ಕೆ ಕಾರಣ ಬರೆಯುವುದು, ಆಕಾಶ ನೋಡುವ ಈ ಹವ್ಯಾಸಿ ಮಂದಿ ತಾವೇ ಹಾಕಿಕೊಂಡ ಮರ್ಯಾದೆ. ಮುಜಾಮಿಲ್‌ನ ವರದಿಗಳು ಹೀಗಿದ್ದವು: ಮೋಡ. ಮೋಡ. ಕನ್ನಡಿ ಮೇಲೆ ಮಂಜು. ಕಲ್ಯಾಣಮಂಟಪದವರು ಆಕಾಶಕ್ಕೆ ಬಿಟ್ಟ ತಿರುಗುದೀಪ. ಮೋಡ. ಆರನೆಯದು ನೆಲಮಂಗಲದ ಗೋಡೌನುಗಳ ಹಿಂದೆ: ಸರಿಯಾಗಿ ಆ ನಾಲ್ಕು ಸೆಕೆಂಡಿಗೇ ಹೆಡ್‌ಲೈಟು ಉರಿಸಿಕೊಂಡು ರಿವರ್ಸ್ ಬಂದ ಹದಿನಾರು ಚಕ್ರದ ಲಾರಿ. ತಾರಾಬಲವೂ ಇಲ್ಲ, ಚಂದ್ರಬಲವೂ ಇಲ್ಲ, ಲಾರಿಬಲ ಮಾತ್ರ ಧಾರಾಳ.

ಏಳನೆಯದು ನವೆಂಬರ್ ಕೊನೆಯ ಗುರುವಾರ, ರಾತ್ರಿ ಒಂಬತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ, ರೋಹಿಣಿ ನಕ್ಷತ್ರದ ಪಕ್ಕದಲ್ಲಿ. ಆ ಕಲ್ಲಿಗೆ ಇನ್ನೂ ಹೆಸರಿಲ್ಲ, ನಂಬರು ಮಾತ್ರ. ಯಾರೂ ಅಳೆದಿಲ್ಲ. ಅದರ ನೆರಳು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ನಡುಮಧ್ಯೆ ಹಾದುಹೋಗುವುದಿತ್ತು. ಇನ್ನೊಮ್ಮೆ ಇದೇ ಕಲ್ಲು ಇದೇ ನೆಲದ ಮೇಲೆ ನೆರಳು ಬೀಳಿಸುವ ಹೊತ್ತಿಗೆ ಮುಜಾಮಿಲ್‌ನ ಮೊಮ್ಮಕ್ಕಳಿಗೆ ಕನ್ನಡಕ ಬಂದಿರುತ್ತದೆ.

ನೋಡಲು ಬರುತ್ತೇವೆಂದು ಹವ್ಯಾಸಿಗಳ ವಾಟ್ಸಾಪ್ ಗುಂಪಿನಲ್ಲಿ ಹನ್ನೆರಡು ಹೆಬ್ಬೆರಳು ಎದ್ದಿದ್ದವು. ಬುಧವಾರ ಸಂಜೆ ಬಂಗಾಳಕೊಲ್ಲಿಯ ಸುದ್ದಿ ಬಂತು. ಗುರುವಾರ ಬೆಳಗ್ಗೆಗೆ ಹತ್ತು ಹೆಬ್ಬೆರಳು ಮಡಚಿಕೊಂಡವು. ಉಳಿದದ್ದು ದೊಡ್ಡಬಳ್ಳಾಪುರದ ಆಚೆ ತನ್ನದೇ ದೂರದರ್ಶಕ ಹೂಡುತ್ತಿದ್ದ ನಂದೀಶ್, ಮತ್ತೆ ಮುಜಾಮಿಲ್ ಜೊತೆಗೆ ಕಾರಿನಲ್ಲಿ ಕೂತ ಸಂಘಮಿತ್ರ. ಅವಳು ದೇವನಹಳ್ಳಿಯಲ್ಲಿ ಹೈಸ್ಕೂಲು ವಿಜ್ಞಾನದ ಮೇಡಂ. ಅವತ್ತಿನ ಮಟ್ಟಿಗೆ ಸಂಘವೂ ಅವಳೇ, ಮಿತ್ರಳೂ ಅವಳೇ.

"ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾಗಿದ್ದು..." ಎಂದು ಅವಳು ಟೀವಿ ಹುಡುಗಿಯ ಹಾಗೆ ಕತ್ತು ಓರೆ ಮಾಡಿ, ಕಿಟಕಿಯ ಆಚೆ ಇಲ್ಲದ ನಕ್ಷೆಯ ಮೇಲೆ ಕೈಯಾಡಿಸಿದಳು. "ದಕ್ಷಿಣ ಒಳನಾಡಿನ ಹವ್ಯಾಸಿಗಳಲ್ಲಿ ಎದೆಭಾರ ಏರಿಕೆ ಆಗುವ ಸಾಧ್ಯತೆ ಇದೆ, ವೀಕ್ಷಕರೇ."

"ನಗಿಸಬೇಡ ಮಿತ್ರಾ. ಗಾಡಿ ಹಳ್ಳಕ್ಕೆ ಇಳಿಯುತ್ತೆ."

ಹೋದ ತಿಂಗಳೇ ಮುಜಾಮಿಲ್ ಜಾಗ ನೋಡಿ ಇಟ್ಟಿದ್ದ. ಅವನ ಹಳೇ ಗಿರಾಕಿ ಆಂಜಿನಪ್ಪನ ರಾಗಿ ಹೊಲ. ಬೀದಿದೀಪ ಇಲ್ಲ, ರಸ್ತೆ ದೂರ, ವಿಮಾನ ನಿಲ್ದಾಣದ ಹಳದಿ ಮಬ್ಬು ಪಶ್ಚಿಮಕ್ಕೆ ಮಾತ್ರ. "ರಾಗಿ ಕುಯ್ದಿರ್ತೀನಿ, ಬಂದು ಏನ್ ಬೇಕಾದ್ರೂ ಮಾಡ್ಕಳಿ ಭಾಯ್" ಎಂದು ಒಪ್ಪಿಗೆ ಕೊಟ್ಟು ಆಂಜಿನಪ್ಪ ಮಗಳ ಊರಿಗೆ ಹೋಗಿದ್ದ.

ಸಂಜೆ ಏಳಕ್ಕೆ ಕಾರು ಹೊಲದ ಅಂಚಿಗೆ ಬಂತು. ಪಕ್ಕದ ಹೊಲದಲ್ಲಿ, ಸಾಲು ಸಾಲು ಗೂಟಕ್ಕೆ ಕಟ್ಟಿದ ತಂತಿಯ ಮೇಲೆ, ಮುನ್ನೂರು ಬಲ್ಬು ಧಗಧಗ ಉರಿಯುತ್ತಿದ್ದವು. ಮದುವೆ ಮನೆಯ ಹಾಗೆ. ಮದುಮಕ್ಕಳು ಮಾತ್ರ ಮೊಣಕಾಲೆತ್ತರದ ಸೇವಂತಿಗೆ ಗಿಡಗಳು.

"ಹೋದ ತಿಂಗಳು ಬರೀ ಸಸಿ ನೆಟ್ಟಿದ್ರು" ಎಂದ ಮುಜಾಮಿಲ್, ದನಿ ಸತ್ತವನ ಹಾಗೆ.

ನೋಡಬೇಕಾದ ನಕ್ಷತ್ರ ಬರಿಗಣ್ಣಿಗೆ ಕಾಣುವ ಕಟ್ಟಕಡೆಯ ಚುಕ್ಕಿಗಿಂತ ನೂರು ಪಾಲು ಮಂದ. ಈ ಬೆಳಕಿನಲ್ಲಿ ಅದನ್ನು ಹುಡುಕುವುದು ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಂಡಂತೆ. ಮುಜಾಮಿಲ್ ಆದರೋ ಬಿಳಿ ಬೆಳಕೆಂದರೆ ಹಾವಿಗೆ ಹೆದರಿದಂತೆ ಹೆದರುವವನು. ಒಮ್ಮೆ ಕಣ್ಣಿಗೆ ಬಿದ್ದರೆ ಕತ್ತಲಿಗೆ ಪಳಗಿದ ಕಣ್ಣು ಮತ್ತೆ ಪಳಗಲು ಅರ್ಧ ಗಂಟೆ ಬೇಕು. ಅದಕ್ಕೇ ಕಾರಿನ ಒಳದೀಪಕ್ಕೆ ಟೇಪು, ಟಾರ್ಚಿಗೆ ಮೂರು ಸುತ್ತು ಕೆಂಪು ಕಾಗದ. ದನಿ ಹಿಡಿಯುವ ಪುಟ್ಟ ರೆಕಾರ್ಡರಿನಲ್ಲಿ ರಾಗಿಕಾಳಿನಷ್ಟು ದೀಪವೊಂದಿತ್ತು. ಅದಕ್ಕೂ ಅವನು ಕಪ್ಪು ಟೇಪು ಅಂಟಿಸಿದ್ದ. ಅಂಥವನ ಮುಂದೆ ಈಗ ಮುನ್ನೂರು ಬಲ್ಬು.

ಆದದ್ದಾಗಲಿ ಎಂದು ಮುಕ್ಕಾಲಿ ಹೂಡಿ, ಅದರ ಮೇಲೆ ಕೊಳವೆ ಕೂರಿಸಿ, ಕೆಂಪು ಟಾರ್ಚು ಹಿಡಿದು ಅವರು ಹೊಲದಲ್ಲಿ ಓಡಾಡುತ್ತಿರುವಾಗ ಬದುವಿನ ಮೇಲಿಂದ ಒಂದು ದನಿ ಬಂತು.

"ಯಾವ ಇಲಾಖೆ?"

ಅರವತ್ತು ದಾಟಿದ ಹೆಂಗಸು, ಸೇವಂತಿಗೆ ಹೊಲದ ಮುತ್ತಮ್ಮ. ತಲೆಗೆ ಟವೆಲ್ಲು, ಕೈಯಲ್ಲಿ ಕುಡುಗೋಲು. ಪಕ್ಕದಲ್ಲಿ ಅವಳ ಸೊಸೆ, ಫೋನನ್ನು ಎದೆಮಟ್ಟ ಹಿಡಿದು ವಿಡಿಯೋ ಮಾಡುತ್ತಿದ್ದಳು. ಫೋನಿನ ಪರದೆ ಹಾಲಿನ ಹಾಗೆ ಬೆಳಗುತ್ತಿತ್ತು. ಮುಜಾಮಿಲ್ ಕಣ್ಣು ಮುಚ್ಚಿಕೊಂಡ.

"ಇಲಾಖೆ ಅಲ್ಲಮ್ಮಾ. ನಕ್ಷತ್ರ ನೋಡೋಕ್ ಬಂದಿದ್ದೀವಿ."

"ಹೂಂ. ಹಿಂದೆ ಒಬ್ಬ ಬಂದಿದ್ದ, ಇಂಥದ್ದೇ ಮೂರು ಕಾಲಿಂದು ತಂದಿದ್ದ." ಮುತ್ತಮ್ಮ ಮೂಗಿನಲ್ಲಿ ದನಿ ಎಳೆದು ಅವನ ಹಾಗೇ ಆಡಿದಳು. "‘ಸುಮ್ನೇ ನೋಡ್ಕಂಡ್ ಓಯ್ತೀವಮ್ಮಾ, ಹಕ್ಕಿ ಗಿಕ್ಕಿ ನೋಡ್ತೀವಿ.’ ಹಕ್ಕಿ ನೋಡೋನ್ಗೆ ಸರ್ವೆ ನಂಬರ್ ಯಾಕೆ? ಮಮತಾ, ಮುಖ ಸರ್ಯಾಗ್ ಹಿಡಿ."

"ಹಿಡಿದೀನಿ ಅತ್ತೆ. ಯಾರ್ ಬಂದ್ರೂ ವಿಡಿಯೋ ಮಾಡ್ತೀವಿ ಸರ್. ನಮ್ಮೂರಲ್ಲಿ ಎಲ್ರೂ ಮಾಡ್ತೀವಿ."

ಆ ಹೋಬಳಿ ಸರ್ಕಾರದ ಸ್ವಾಧೀನದಿಂದ ಜಮೀನು ಉಳಿಸಿಕೊಳ್ಳಲು ವರ್ಷಗಟ್ಟಲೆ ಧರಣಿ ಕೂತ ಹೋಬಳಿ. ಮುಕ್ಕಾಲಿ ಕಂಡರೆ ಅಲ್ಲಿ ನಾಯಿಯೂ ಬೇರೆ ರಾಗದಲ್ಲಿ ಬೊಗಳುತ್ತದೆ. ಮುಜಾಮಿಲ್‌ಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ತಲೆಯೆತ್ತಿ ನಡೆಯುವವರಿಗೆ ಕಾಲಡಿಯ ವಿಷಯ ಗೊತ್ತಾಗುವುದು ತಡ.

"ಅಮ್ಮಾ, ದೀಪ ಒಂದ್ ಹತ್ತು ನಿಮಿಷ ಆರಿಸಿದ್ರೆ..." ಎಂದ.

"ಓಹೋ! ಕತ್ಲಲ್ಲಿ ಅಳೀಬೇಕಾ?"

"ನಿಮ್ಮ ಜಮೀನಲ್ಲ ನಾವು ಅಳೆಯೋದು! ನಾವು ಅಳೆಯೋದು ಒಂದು ಕಲ್ಲು."

ಸಂಘಮಿತ್ರ ಹಣೆ ಚಚ್ಚಿಕೊಂಡಳು. ಮುತ್ತಮ್ಮ ಕುಡುಗೋಲನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದಳು. "ನೋಡಿದ್ಯಾ ಮಮತಾ? ಬಾಯ್ಬಿಟ್ಟ. ಎಲ್ಲಿ ನೆಟ್ಟವ್ರೆ ಕಲ್ಲು?"

"ಮೇಲೆ!" ಮುಜಾಮಿಲ್ ಬೆರಳೆತ್ತಿದ. "ಆಕಾಶದಲ್ಲಿ! ಬೇಕಾದ್ರೆ ನೀವೇ ಬಂದು ಈ ಕೊಳವೇಲಿ ನೋಡಿ ಅಮ್ಮಾ. ಎಲ್ಲಿಗೆ ಬೇಕಾದ್ರೂ ತಿರುಗಿಸಿ."

ಮುತ್ತಮ್ಮ ಬಂದಳು. ಆಕಾಶದ ಕಡೆ ತಿರುಗಿಸಲಿಲ್ಲ. ನೇರ ತನ್ನ ಮನೆಯ ಕಡೆಗೇ ತಿರುಗಿಸಿದಳು. ಅಂಗಳದ ದೀಪದ ಬೆಳಕಲ್ಲಿ ಬಾಗಿಲು, ತುಳಸಿಕಟ್ಟೆ, ಕಟ್ಟಿದ್ದ ಎಮ್ಮೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯನ್ನು ಪಕ್ಕಕ್ಕೆ ವಾಲಿಸಿ, ಇನ್ನೂ ವಾಲಿಸಿ ನೋಡಿದಳು.

"ಎಮ್ಮೆ ತಲೆಕೆಳಗ್ ನಿಂತೈತಲ್ಲಾ?"

"ಹೂಂ ಅಮ್ಮಾ, ಇದ್ರಲ್ಲಿ ಎಲ್ಲಾ ತಲೆಕೆಳಗೇ ಕಾಣೋದು. ಒಳಗಿರೋದು ಬಟ್ಟಲಿನ ಥರ ಕನ್ನಡಿ. ಆಕಾಶಕ್ಕೆ ಮೇಲೆ ಕೆಳಗೆ ಇಲ್ಲವಲ್ಲ, ನಮಗೆ ತೊಂದರೆ ಇಲ್ಲ."

ಮುತ್ತಮ್ಮ ನೆಟ್ಟಗೆ ನಿಂತಳು. ಮುಖದ ಗಂಟು ಒಂದೊಂದಾಗಿ ಬಿಚ್ಚಿಕೊಂಡಿತು. "ಇದ್ರಲ್ಲಿ ಅಳದ್ರೆ ನನ್ ಜಮೀನು ಮೋಡದ್ ಮೇಲಕ್ ಓಯ್ತದೆ. ಸರ್ವೆಯೋರು ಇಂಥ ದರಿದ್ರದ ಸಾಮಾನು ಇಟ್ಕಳಲ್ಲ ಬಿಡು." ಹದಿನಾಲ್ಕು ತಿಂಗಳ ಕನ್ನಡಿಗೆ ಸಿಕ್ಕ ಮೊದಲ ಸರ್ಟಿಫಿಕೇಟು ಇದು. ಮುಜಾಮಿಲ್ ಬಾಯ್ತುಂಬ ನಕ್ಕ.

ಆದರೂ ದೀಪದ ವಿಷಯಕ್ಕೆ ಮುತ್ತಮ್ಮ ಬಗ್ಗಲಿಲ್ಲ. ಸೇವಂತಿಗೆ ಬಲು ಕಳ್ಳ ಗಿಡ, ಎಂದಳು. ರಾತ್ರಿ ಉದ್ದ ಆಗಿದೆ ಅಂತ ಅದಕ್ಕೆ ತಿಳಿದುಬಿಟ್ಟರೆ ಸಾಕು, ಬೆಳೆಯುವುದು ನಿಲ್ಲಿಸಿ ಮೊಗ್ಗು ಕಟ್ಟುತ್ತದೆ. ಮೊಣಕಾಲೆತ್ತರದ ಗಿಡಕ್ಕೆ ಮೊಗ್ಗು ಬಂದರೆ ಹೂವು ಗುಂಡಿಯಷ್ಟು. ಶಿವರಾತ್ರಿಗೆ ಒಳ್ಳೇ ಹೂವು ಬೇಕೆಂದರೆ ದಿನಾ ರಾತ್ರಿ ಹತ್ತರವರೆಗೆ ದೀಪ ಉರಿಸಿ, ಇನ್ನೂ ಹಗಲು ಕಣೇ ಎಂದು ಅದನ್ನು ನಂಬಿಸಬೇಕು.

"ಕತ್ಲೆ ಲೆಕ್ಕ ಇಡೋ ಗಿಡ" ಎಂದಳು ಸಂಘಮಿತ್ರ ಮೆಲ್ಲಗೆ. "ಭಾಯ್, ನಮ್ಮ ಹಾಗೇನೇ." ಆಮೇಲೆ ಮುತ್ತಮ್ಮನ ಕಡೆ ತಿರುಗಿದಳು. "ಅಮ್ಮಾ, ನಡುವೆ ಹತ್ತು ನಿಮಿಷ ಕತ್ಲಾದ್ರೆ ರಾತ್ರಿ ಆಯ್ತು ಅಂದ್ಕೊಳ್ಳುತ್ತಾ, ಇಲ್ಲ ಕರೆಂಟ್ ಹೋಯ್ತು ಅಂದ್ಕೊಳ್ಳುತ್ತಾ?"

ಮುತ್ತಮ್ಮ ಯೋಚಿಸಿದಳು. ಅದು ಅವಳ ಕಸುಬಿನ ಪ್ರಶ್ನೆ, ಅವಳಿಗೆ ಹಿಡಿಸಿತು. "ಕರೆಂಟ್ ಅರ್ಧ ಗಂಟೆ ಓದಾಗ್ಲೂ ಏನೂ ಆಗಿಲ್ಲ... ಒಂಬತ್ತು ಮೂವತ್ತೆಂಟಕ್ಕೆ ಆರಿಸ್ತೀನಿ. ನಲವತ್ತೆಂಟಕ್ಕೆ ಆಕ್ತೀನಿ. ನಿಮ್ ಕಲ್ಲು ಬರ್ಲಿ, ಬಿಡ್ಲಿ. ಆಮೇಲೆ ಹತ್ತು ನಿಮಿಷ ಜಾಸ್ತಿ ಉರಿಸ್ತೀನಿ. ಮಮತಾ, ನೀನು ಇಲ್ಲೇ ಕೂತು ನೋಡ್ತಿರು. ದೀಪ ಆರ್ಸಿದಾಗ ಮತ್ತೆ ವಿಡಿಯೋ ಆಕು, ನಿಲ್ಲಿಸ್ಬ್ಯಾಡ. ಸಾಮಾನು ತಲೆಕೆಳಗ್ ತೋರ್ಸಿದ್ರೂ ಮನ್ಸ್ರನ್ನ ನಂಬಾಕಾಗಕಿಲ್ಲ."

"ಮಮತಾವ್ರೇ, ಆ ಫೋನಿನ ಬೆಳಕು..." ಮುಜಾಮಿಲ್ ಅಂಗಲಾಚಿದ. ಮಮತ ಫೋನನ್ನು ಮಗುಚಿ ಮಡಿಲಲ್ಲಿಟ್ಟು, ಮೇಲೆ ಸೆರಗು ಹೊದಿಸಿ, ಹತ್ತು ಹೆಜ್ಜೆ ದೂರದ ಬದುವಿನ ಮೇಲೆ ಕೂತಳು.

ಇನ್ನು ಉಳಿದದ್ದು ಮೋಡ. ಒಂಬತ್ತಕ್ಕೆ ಪೂರ್ವದ ಕಡೆಯಿಂದ ಕಂಬಳಿ ಹರಡಿದ ಹಾಗೆ ಬಂತು. ರೋಹಿಣಿ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ಮುಜಾಮಿಲ್ ಕೊಳವೆಯ ಬಾಯಿಗೆ ಮಂಜು ಹಿಡಿಯದ ಹಾಗೆ ಇಲ್ಮಾ ಹೊಲಿದುಕೊಟ್ಟ ಕಪ್ಪು ಬಟ್ಟೆಯ ತೋಳು ತೊಡಿಸಿದ. ನಕ್ಷೆ ನೋಡಿ, ಕತ್ತಲಿಗೆ ಈಗಲೇ ಪಳಗಲೆಂದು ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ. ಹತ್ತು ಜನ ಮನೆಯಲ್ಲಿ ಮುಸುಕೆಳೆದು ಮಲಗಿದ್ದ ರಾತ್ರಿ, ಈ ಮನುಷ್ಯ ಮೋಡದ ಕೆಳಗೆ ನಿಂತು, ಮೋಡ ಇಲ್ಲವೆಂಬಂತೆ ಪ್ರತಿಯೊಂದು ಕೆಲಸವನ್ನೂ ಕ್ರಮವಾಗಿ ಮಾಡುತ್ತಿದ್ದುದನ್ನು ಸಂಘಮಿತ್ರ ನೋಡಿದಳು. ಅವಳಿಗೆ ಅಣಕ ಮಾಡುವ ಮನಸ್ಸೇ ಆಗಲಿಲ್ಲ.

ಕೆಲಸದ ಕ್ರಮ ಸರಳ. ಸಂಘಮಿತ್ರ ಉಪಗ್ರಹದಿಂದ ಸಮಯ ಹಿಡಿಯುವ ಗಡಿಯಾರ ನೋಡಿ ಒಂದೊಂದೇ ಸೆಕೆಂಡನ್ನು ಗಟ್ಟಿಯಾಗಿ ಹೇಳಬೇಕು. ನಕ್ಷತ್ರ ಮಾಯವಾದಾಗ ಮುಜಾಮಿಲ್ "ಹೋಯ್ತು" ಎಂದು ಕೂಗಬೇಕು, ತಿರುಗಿ ಕಂಡಾಗ "ಬಂತು". ಎರಡು ದನಿಯೂ ಒಂದೇ ರೆಕಾರ್ಡಿನಲ್ಲಿ ಸಿಕ್ಕರೆ, ಆಮೇಲೆ ಕಂಪ್ಯೂಟರಿನಲ್ಲಿ ಸೆಕೆಂಡಿನ ಹತ್ತನೇ ಭಾಗದವರೆಗೂ ಅಳೆಯಬಹುದು. ರೆಕಾರ್ಡು ಇಲ್ಲದೆ ಬರೀ ನೆನಪಿನ ಮೇಲೆ ಬರೆದ ವರದಿಯನ್ನು ಈ ಮಂದಿ ಮುಟ್ಟುವುದಿಲ್ಲ.

ಒಂಬತ್ತು ಮೂವತ್ತೆಂಟು. ಪಂಪ್‌ಸೆಟ್ ಮನೆಯ ಕಡೆಯಿಂದ ‘ಟಕ್’ ಎಂದಿತು. ಮುನ್ನೂರು ಹಗಲುಗಳು ಒಟ್ಟಿಗೇ ಮುಗಿದವು. ಕತ್ತಲು ಮೈಮೇಲೆ ತಣ್ಣೀರು ಎರಚಿದ ಹಾಗೆ ಬಂತು, ಅದರ ಹಿಂದೆಯೇ ಸೇವಂತಿಗೆ ಎಲೆಯ ಕಹಿ ವಾಸನೆ. ಬೆಳಕಿದ್ದಾಗ ಆ ವಾಸನೆ ಎಲ್ಲಿತ್ತೋ.

ಮೋಡ ಹಾಗೇ ಇತ್ತು. ಮೂವತ್ತೊಂಬತ್ತು. ನಲವತ್ತು. ಮುಜಾಮಿಲ್ ರೆಕಾರ್ಡರಿನ ಗುಂಡಿ ಒತ್ತಿ ಜೇಬಿನಲ್ಲಿಟ್ಟು, ಬಟ್ಟೆ ಬಿಚ್ಚಿದ ಕಣ್ಣನ್ನು ಕೊಳವೆಗೆ ಕೊಟ್ಟ. ನಲವತ್ತೊಂದಕ್ಕೆ ಮೋಡದ ಅಂಚು ಹರಿದು ಕಿಂಡಿಯೊಂದು ಬಿಟ್ಟುಕೊಂಡಿತು. ರೋಹಿಣಿ ಕೆಂಪಗೆ ಕಂಡಿತು. ಅಲ್ಲಿಂದ ಎಡಕ್ಕೆ, ಮೂರು ಚುಕ್ಕಿಯ ಬಾಗು, ಅದರ ಕೆಳಗೆ...

"ಇದೆ" ಎಂದ ಉಸಿರಿನಲ್ಲಿ. "ಮಿತ್ರಾ, ಇದೆ."

"ನಲವತ್ತೆರಡು. ಒಂದು. ಎರಡು. ಮೂರು..." ಅವಳ ದನಿ ಹೊಲದ ತುಂಬ ನಡೆಯಿತು. ದೂರದಲ್ಲಿ ನಾಯಿ ಬೊಗಳಿತು. "ಹದಿನಾರು. ಹದಿನೇಳು. ಹದಿನೆಂಟು..."

"ಹೋಯ್ತು!"

ಅಲ್ಲಿ ಏನೂ ಇರಲಿಲ್ಲ. ಇದ್ದ ಜಾಗ ಇತ್ತು, ಚುಕ್ಕಿ ಇರಲಿಲ್ಲ. ಕೋಟಿ ಕೋಟಿ ಮೈಲಿ ಆಚೆ ಒಂದು ಕಲ್ಲು ದಾರಿಗೆ ಅಡ್ಡ ಬಂದಿತ್ತು, ಅದರ ನೆರಳಿನಲ್ಲಿ ಒಬ್ಬ ಕನ್ನಡಕದವನು ನಿಂತಿದ್ದ. "ಹತ್ತೊಂಬತ್ತು. ಇಪ್ಪತ್ತು. ಇಪ್ಪತ್ತೊಂದು..."

"ಬಂತು! ಬಂತು ಬಂತು ಬಂತು!"

ಮುಜಾಮಿಲ್ ಕೊಳವೆಯನ್ನು ಬಿಟ್ಟು ರಾಗಿಕೂಳೆಯ ಮೇಲೆ ಕೂತುಬಿಟ್ಟ. ಸಂಘಮಿತ್ರ ಕುಣಿದಳು. ಮೋಡ ಮತ್ತೆ ಮುಚ್ಚಿಕೊಂಡಿತು, ಇನ್ನು ಬೇಕಾದರೆ ಮುಚ್ಚಿಕೊಳ್ಳಲಿ. ನಲವತ್ತೆಂಟಕ್ಕೆ ಮಾತಿನಂತೆ ದೀಪ ಬಂತು. ಫೋನೂ ಬಂತು, ನಂದೀಶನದು.

"ಗುರುವೇ! ನಂಗೆ ಒಂದೂವರೆ ಸೆಕೆಂಡು ಸಿಕ್ತು. ನಾನು ಅಂಚಲ್ಲಿದ್ದೆ. ನೀವು ಮಧ್ಯ. ನಿಮ್ದಿಲ್ದೆ ಅಗಲ ಗೊತ್ತಾಗಲ್ಲ ಕಣಪ್ಪಾ, ಟೈಮ್ ಹೇಳಿ!"

"ಇರು, ಕೇಳಿ ಹೇಳ್ತೀನಿ" ಎಂದು ಮುಜಾಮಿಲ್ ರೆಕಾರ್ಡರು ತೆಗೆದ. ಒತ್ತಿದ. ಮತ್ತೆ ಒತ್ತಿದ. ಆಮೇಲೆ ನಿಧಾನವಾಗಿ ಉಗುರಿನಿಂದ ಕಪ್ಪು ಟೇಪು ಕಿತ್ತ. ರಾಗಿಕಾಳಿನಷ್ಟು ದೀಪ ಮಿಣುಕುತ್ತಿತ್ತು. ಮಿಣುಕಿದರೆ ಇನ್ನೂ ಸಿದ್ಧತೆ. ಇನ್ನೊಮ್ಮೆ ಒತ್ತಿ, ಅದು ಸ್ಥಿರವಾಗಿ ಉರಿದರೆ ಮಾತ್ರ ರೆಕಾರ್ಡಿಂಗು. ಒಳಗೆ ಏನೂ ಇರಲಿಲ್ಲ.

ಬೆಳಕಿಗೆ ಹೆದರಿ ಹೆದರಿ, ಕೆಲಸ ನಡೆಯುತ್ತಿದೆ ಎಂದು ಹೇಳಬೇಕಾದ ಬೆಳಕಿನ ಬಾಯನ್ನೇ ಅವನು ಮುಚ್ಚಿದ್ದ.

"ಭಾಯ್..." ಎಂದಳು ಸಂಘಮಿತ್ರ. "ನೀವ್ ನೋಡಿದ್ರಿ, ನಾನ್ ಎಣಿಸಿದ್ನಲ್ಲ. ಹದಿನೆಂಟಕ್ಕೆ ಹೋಯ್ತು, ಇಪ್ಪತ್ತೊಂದು ಆದ್ಮೇಲೆ ಬಂತು. ಹಾಗೇ ಬರೀಬಹುದಲ್ವಾ?"

"ಇಲ್ಲ ಮಿತ್ರಾ." ಅವನ ದನಿಯಲ್ಲಿ ಬೇಸರ ಇತ್ತು, ಅನುಮಾನ ಇರಲಿಲ್ಲ. "ಅಂದಾಜು ಬರೆದ್ರೆ ನಂದೀಶನ ಲೆಕ್ಕಾನೂ ಕೆಡುತ್ತೆ. ‘ರೆಕಾರ್ಡರ್ ಆನ್ ಆಗಿರಲಿಲ್ಲ’ ಅಂತ ಬರಿ. ನನ್ನ ತಪ್ಪು ಅಂತಾನೇ ಬರಿ." ಏಳನೇ ಸಲಕ್ಕೆ ಮೋಡಕ್ಕೆ ಬಯ್ಯುವ ಸುಖವೂ ಇರಲಿಲ್ಲ.

ಪಂಪ್‌ಸೆಟ್ ಮನೆಯಿಂದ ಮುತ್ತಮ್ಮ ಬಂದು ಬದುವಿನ ಮೇಲೆ ಸೊಸೆಯ ಪಕ್ಕ ಕೂತಳು. "ಏನಾಯ್ತು ಸಾಬ್ರಿಗೆ? ಕಲ್ಲು ಬರ್ನಿಲ್ವಾ?"

"ಬಂತಂತೆ ಅತ್ತೆ, ಅಳೆಯೋದು ತಪ್ಪೋಯ್ತಂತೆ." ಮಮತ ಸೆರಗಿನಿಂದ ಫೋನು ತೆಗೆದಳು. "ನಮ್ ವಿಡಿಯೋನೂ ಬರೀ ಕಪ್ಪು. ಹನ್ನೆರಡು ನಿಮಿಷ ಏನೂ ಕಾಣಲ್ಲ, ಅವ್ರು ಕಿರ್ಚೋದ್ ಬಿಟ್ರೆ. ಜಾಗ ತಿನ್ನುತ್ತೆ, ಡಿಲೀಟ್ ಮಾಡ್ಬಿಡ್ಲಾ?"

"ಮಾಡು ಮಾಡು, ಒಳ್ಳೇ ಜನ ಅವ್ರೆ."

"ಮಾಡಬೇಡೀ!"

ಮುಜಾಮಿಲ್ ಹತ್ತು ಹೆಜ್ಜೆಯನ್ನು ಮೂರರಲ್ಲಿ ದಾಟಿದ. ಮಮತಳ ಹೆಬ್ಬೆರಳು ಕಸದ ಬುಟ್ಟಿಯ ಚಿತ್ರದ ಮೇಲೆ ನಿಂತೇ ಇತ್ತು. ಅವನು ಫೋನನ್ನು ಮಗುವನ್ನು ತೆಗೆದುಕೊಂಡ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡ. ಕಪ್ಪು ಪರದೆ. ಬಟ್ಟೆಯ ಸರಸರ. ಆಮೇಲೆ, ಸೆರಗಿನೊಳಗಿಂದ ಸ್ವಲ್ಪ ಮಂದವಾಗಿ, ಒಂದಕ್ಷರವೂ ತಪ್ಪದೆ: ನಲವತ್ತೆರಡು. ಒಂದು. ಎರಡು. ನಾಯಿ ಬೊಗಳಿತು. ಹದಿನೇಳು. ಹದಿನೆಂಟು. ಹೋಯ್ತು! ಹತ್ತೊಂಬತ್ತು. ಇಪ್ಪತ್ತು. ಇಪ್ಪತ್ತೊಂದು. ಬಂತು!

ಎರಡು ದನಿ, ಒಂದೇ ರೆಕಾರ್ಡು.

ಬದುವಿನ ಮೇಲೆ ಮುನ್ನೂರು ಬಲ್ಬಿನ ಬೆಳಕಿನಲ್ಲಿ ಲ್ಯಾಪ್‌ಟಾಪು ತೆರೆದುಕೊಂಡಿತು. ಆ ರಾತ್ರಿ ಬಿಳಿ ಬೆಳಕಿನ ಮೇಲೆ ಮುಜಾಮಿಲ್ ಯಾವ ದೂರೂ ಹೇಳಲಿಲ್ಲ. ಸಂಘಮಿತ್ರ ದನಿಯ ಅಲೆಗಳ ನಡುವೆ ಗೆರೆ ಎಳೆದು ಅಳೆದಳು. ಮೂರು ಸೆಕೆಂಡು, ಮೇಲೆ ಹತ್ತರಲ್ಲಿ ನಾಲ್ಕು ಪಾಲು. ನೆರಳು ಸೆಕೆಂಡಿಗೆ ಆರು ಕಿಲೋಮೀಟರಿನ ಓಟ. ಅಂದರೆ ಕಲ್ಲು ಇಪ್ಪತ್ತು ಕಿಲೋಮೀಟರಿನಷ್ಟು ಅಗಲ.

ವರದಿಯಲ್ಲಿ ‘ದನಿ ಹಿಡಿದ ಸಾಧನ’ ಎಂಬಲ್ಲಿ ಮುಜಾಮಿಲ್, ‘ಮಮತ ಅವರ ಫೋನು, ಸೆರಗಿನೊಳಗೆ’ ಎಂದು ಬರೆಸಿದ. ‘ಸ್ಥಳದ ಬೆಳಕು’ ಎಂಬಲ್ಲಿ, ‘ಹತ್ತು ನಿಮಿಷ ಪೂರ್ತಿ ಕತ್ತಲು. ಕೊಟ್ಟವರು ಮುತ್ತಮ್ಮ.’ ಕಾರಣದ ಕಾಲಂ ಮೊದಲ ಸಲ ಖಾಲಿ ಉಳಿಯಿತು. ಅದನ್ನೇ ಅವನು ಸುಮಾರು ಹೊತ್ತು ನೋಡುತ್ತಾ ಕೂತ.

"ಇಪ್ಪತ್ತು ಕಿಲೋಮೀಟ್ರು ಅಂದ್ರೆ ಎಷ್ಟು ಎಕರೆ ಆಯ್ತದೆ ತಾಯಿ?" ಮುತ್ತಮ್ಮನಿಗೆ ಅದು ಇತ್ಯರ್ಥವಾಗಬೇಕಿತ್ತು.

ಸಂಘಮಿತ್ರ ಬೆರಳು ಮಡಚಿ, ಬಿಚ್ಚಿ, ಕೊನೆಗೆ ಫೋನಿನಲ್ಲೇ ಲೆಕ್ಕ ಹಾಕಿದಳು. "ದುಂಡಗಿದೆ ಅಂದ್ಕೊಂಡ್ರೆ, ಮೇಲ್ನೋಟಕ್ಕೆ ಎಪ್ಪತ್ತೇಳು ಸಾವಿರದ ಆರುನೂರು ಎಕರೆ."

"ಯಾರ ಹೆಸ್ರಲ್ಲೈತೆ?"

"ಯಾರ ಹೆಸರಲ್ಲೂ ಇಲ್ಲ ಅಮ್ಮಾ. ಅದಕ್ಕೇ ಇನ್ನೂ ಹೆಸರಿಲ್ಲ, ಬರೀ ನಂಬರು."

"ನಂಬ್ರು ಬಿದ್ದೈತಾ?" ಮುತ್ತಮ್ಮ ಎದ್ದು ಸೀರೆ ಕೊಡವಿದಳು. ಕತ್ತು ಹಿಂದಕ್ಕೆ ಚೆಲ್ಲಿ, ಏನೂ ಕಾಣದ ಮೋಡವನ್ನು ಒಂದು ಗಳಿಗೆ ಮರುಕದಿಂದ ನೋಡಿದಳು. "ನಂಬ್ರು ಬಿತ್ತು ಅಂದ್ಮೇಲೆ ಇವತ್ತಲ್ಲ ನಾಳೆ ನೋಟೀಸು ಬಂದೇ ಬತ್ತದೆ. ಮಮತಾ, ಆ ವಿಡಿಯೋ ಇರ್ಲಿ ಕಣೆ. ಅಳಿಸ್ಬ್ಯಾಡ."

ಆಮೇಲೆ ಅವಳು ಪಂಪ್‌ಸೆಟ್ ಮನೆಯ ಕಡೆ ನಡೆದಳು. ಹೂವಿಗೆ ಇನ್ನೂ ಹತ್ತು ನಿಮಿಷದ ಹಗಲು ಬಾಕಿ ಇತ್ತು.